ಮೂರನೇ ನಂಬರಿನ ರಜೆ

ಬೈತಖೋಲ ಬಂದರಿನ ಕಂಬಕ್ಕೆ ಮೂರನೇ ನಂಬರು ಏರಿದರೆ
ನಮ್ಮ ಮನೆಗೆ ರಜೆ.
ಬೆಳಗಿನ ಏಳಕ್ಕೂ ಇವರು ಚಾಪೆಯ ಮೇಲೆ,
ಎರಡೂ ಕಾಲು ಒಣಗಿದ್ದು.

ಮಕ್ಕಳು ಹೋದ ವರ್ಷದಿಂದ ಕೇಳುತ್ತಿದ್ದಾರೆ:
ಅಂಕೋಲೆ ದಾಟಿದ ಮೇಲೆ, ಹೆದ್ದಾರಿಯ ಪಕ್ಕ,
ಗದ್ದೆಯಿದ್ದಲ್ಲಿ ಎದ್ದುನಿಂತ ಪಾರ್ಕು.
ಬಸ್ಸಿನ ಕಿಟಕಿಗೆ ಸಿಕ್ಕುವುದು ಬರೀ ತಲೆ,
ಜೈಂಟ್ ವ್ಹೀಲಿನ ಮೇಲಿನ ನಾಲ್ಕು ತೊಟ್ಟಿಲು,
ನೀಲಿ ಜಾರುಬಂಡಿಯ ಒಂದೇ ಒಂದು ತಿರುವು.
ಉಳಿದದ್ದನ್ನೆಲ್ಲ ತೃಷಾ
ಗಣಿತದ ಪಟ್ಟಿಯ ಹಿಂದಿನ ಪುಟದಲ್ಲಿ ತಾನೇ ಕಟ್ಟಿದ್ದಾಳೆ.

ಕಷ್ಟ ಇಷ್ಟೇ.
ಕಡಲು ಸುಮ್ಮನಿದ್ದ ದಿನ ಅಪ್ಪ ಇರುವುದಿಲ್ಲ.
ಅಪ್ಪ ಇರುವ ದಿನ ಗಾಳಿ ಇರುತ್ತದೆ.

ಫೋನು ಮಾಡಿದೆ. ಒಬ್ಬ ಹುಡುಗ ಎತ್ತಿದ.
ಮಳೆಗೆ ನಿಲ್ಲಿಸೂದಿಲ್ಲ ಅಕ್ಕಾ, ಗುಡುಗಿಗೆ ನಿಲ್ಲಿಸ್ತೇವೆ.
ಗಾಳಿಗೆ?
ಗಾಳಿ ನೋಡಿ ಹೇಳ್ತೇವೆ.
ಎಷ್ಟು ಗಾಳಿ?
ನಕ್ಕ. ನೀವು ಹವಾಮಾನ ಇಲಾಖೆಯವರಾ ಎಂದ.
ಮೀನು ಮಾರುವವಳು ಎಂದೆ.
ನಮ್ಮಲ್ಲಿ ಗಾಳಿಯೆಂದರೆ ಬಂಗಡೆಯ ದರ.

ಹಾಗಾಗಿ ಬೇಕಾದದ್ದು ಒಂದು ಸೊಟ್ಟ ದಿನ:
ದೂರದ ಕಡಲು ಕೆಟ್ಟಿರಬೇಕು,
ಅಂಕೋಲೆಯಲ್ಲಿ ಎಲೆ ಅಲುಗಬಾರದು.
ಬಿರುಗಾಳಿ ಬಂದು ದೋಣಿಗಳನ್ನು ಒಳಗೆ ಕಟ್ಟಿಸಿ
ತಾನು ಒಮಾನಿಗೋ ಎಲ್ಲಿಗೋ ಹೊರಟುಹೋಗಬೇಕು.
ಇಂಥದ್ದನ್ನು ದೇವರಲ್ಲಿ ಬೇಡುವ ಬಗೆ?
ಕೋಡಿಬಾಗದ ಖಾಪ್ರಿಯ ಮುಂದೆ ಸಿಗರೇಟು ಹಚ್ಚಿಟ್ಟು
ಅತ್ತೆ ಪ್ರತಿ ಸಲ ಕೇಳುವುದು, ಗಾಳಿ ಬೇಡಪ್ಪಾ.
ಅದೇ ಸಿಗರೇಟಿನ ಹೊಗೆಯ ಹಿಂದೆ ನಿಂತು ನಾನೆಂದೆ,
ಚೂರೇ ಚೂರು ಬರಲಿ.

ದಸರಾ ರಜೆಯ ಎರಡನೇ ವಾರ ಬಂತು.
ಮೊಬೈಲು ಹಳದಿ ಎಂದಿತು, ಟೀವಿ ಕಿತ್ತಳೆ.
ಇವರು ದಂಡೆಗೆ ಹೋಗಿ ದೇವಗಡದ ದೀಪಸ್ತಂಭವನ್ನು
ಸಾಲ ಕೊಟ್ಟವನ ಮುಖ ನೋಡಿದಂತೆ ನೋಡಿ ಬಂದರು.
ಹತ್ತಿರ ಕಾಣ್ತಿದೆ. ಇಂದಲ್ಲ, ನಾಳೆ.
ಹನ್ನೊಂದರಿಂದ ಎರಡೂವರೆ.
ಆಮೇಲೆ ಘಟ್ಟದ ಕಡೆಯಿಂದ ಗುಡುಗು.
ತೃಷಾ ಬರೆದುಕೊಂಡಳು:
ಮೊದಲು ಎತ್ತರದ್ದು, ಆಮೇಲೆ ನೀರಿನದ್ದು, ಗುಡುಗಿದ ಮೇಲೆ ಊಟ.
ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂದು
ಒಣಸೀಗಡಿಯ ಚಟ್ನಿ ಛತ್ರಿಯ ಮಡಿಕೆಯಲ್ಲಿ ಹೋಯಿತು;
ವಾಸನೆ ಮಾತ್ರ ಟಿಕೆಟಿಲ್ಲದೆ ನಮಗಿಂತ ಮುಂದೆ.

ಗೇಟು ದಾಟಿದ್ದೇ ಪಟ್ಟಿ ತಪ್ಪಿತು.
ಓಂಕಾರನಿಗೆ ತೂಗುವ ಹಡಗೇ ಬೇಕು, ಈಗಲೇ.
ಇವರು ಹಿಂದಿನ ತುದಿಗೆ ಹೋಗಿ ಕುಳಿತರು, ತಾಂಡೇಲನ ಜಾಗ,
ಮೂರನೇ ತೂಗಿಗೆ ಮಾತು ನಿಂತಿತು,
ಆರನೆಯದಕ್ಕೆ ಕಣ್ಣು.
ಹತ್ತೊಂಬತ್ತು ವರ್ಷ ಕಡಲಿನಲ್ಲಿ ಒಮ್ಮೆಯೂ ಕಾರದವರು
ಐಸ್‌ಕ್ರೀಮ್ ಗಾಡಿಯ ಹಿಂದೆ ಬಗ್ಗಿ ನಿಂತರು.
ಮಕ್ಕಳು ನಕ್ಕರು, ಆಮೇಲೆ ನಗಲಿಲ್ಲ.
ಬಾಯಿ ಒರೆಸಿಕೊಳ್ಳುತ್ತ ಅಂದರು,
ಇದಕ್ಕೆ ಚುಕ್ಕಾಣಿಯೇ ಇಲ್ಲವಲ್ಲೇ.

ವ್ಹೀಲಿಗೆ ಅವರು ಬರಲಿಲ್ಲ.
ನಾವು ಮೂವರೂ ಹತ್ತಿದೆವು, ತೊಟ್ಟಿಲು ಮೇಲೆ ಹೋಗಿ ನಿಂತಿತು.
ಬೇಲೆಕೇರಿಯ ತನಕ ಕಡಲು,
ತೊಳೆದಿಟ್ಟ ಬೋಗುಣಿಯಂತೆ, ಒಂದು ದೋಣಿಯಿಲ್ಲ.
ಕೆಳಗೆ ಬೇಲಿಯ ಹತ್ತಿರ
ಹಣೆಗೆ ಅಂಗೈ ಅಡ್ಡ ಹಿಡಿದು
ಒಬ್ಬ ಗಂಡಸು ತೊಟ್ಟಿಲುಗಳನ್ನು ಒಂದೊಂದಾಗಿ ನೋಡುತ್ತಿದ್ದ.
ಆ ನಿಲುವು ನನ್ನದು.
ಸಂಜೆಯ ಜೆಟ್ಟಿಯಲ್ಲಿ, ಬುಟ್ಟಿ ಸೊಂಟಕ್ಕಿಟ್ಟು,
ಎಷ್ಟು ವರ್ಷದಿಂದ.
ಕೈ ಬೀಸಿದೆ. ಅವರಿಗೆ ಕಾಣಲಿಲ್ಲ.
ಇನ್ನೂ ಬೀಸಿದೆ, ತೊಟ್ಟಿಲು ಅಲ್ಲಾಡಿತು,
ಓಂಕಾರ ಹೆದರಿ ಸೆರಗು ಹಿಡಿದ.

ಗುಡುಗಿದ್ದು ಎರಡೂ ಹತ್ತಕ್ಕೆ.
ಹುಡುಗ ಸೀಟಿ ಊದಿದ, ಎಲ್ಲ ನಿಂತಿತು,
ನೀರಿಗೆ ಇಳಿಯಲೇ ಇಲ್ಲ.
ತಗಡಿನ ಮಾಡಿನ ಕೆಳಗೆ ಅವಲಕ್ಕಿ ಚಟ್ನಿ ತಿಂದೆವು,
ಸೀಟಿಯ ಹುಡುಗನೂ ಒಂದು ಹಿಡಿ ಕೇಳಿ ತಿಂದ.

ಬಸ್ಸಿನಲ್ಲಿ ತೃಷಾ ಮುಂದಿನ ಪುಟ ತೆಗೆದಳು.
ಇವರು ಕಾರವಾರದ ತನಕ ಅದೊಂದೇ ಮಾತು:
ಇಪ್ಪತ್ತು ನಿಮಿಷ ಹೇಗೆ ತಪ್ಪಿತು.