ಐದು ಗುರುವಾರ

ಪಟ್ಟಿ ಬಂತು.
ಬಕಾಲದ ಫ್ರಿಜ್ಜಿನ ಬಾಗಿಲಿಗೆ, ಮಜ್ಜಿಗೆ ಜಾಹೀರಾತಿನ ಪಕ್ಕ
ಟೇಪು ಹಚ್ಚಿ ಅಂಟಿಸಿದ್ದಾನೆ ಉಬೈದ್.
ಓದಿದವರು ಒಂದು ಹೆಜ್ಜೆ ಹಿಂದೆ ಸರಿದು
ಮತ್ತೆ ಓದುತ್ತಾರೆ,
ಸಂಬಳದ ಚೀಟಿಯಲ್ಲಿ ಕಡಿತ ಕಂಡವರ ಹಾಗೆ.

ಮೊದಲ ಗುರುವಾರವೇ ಮಲಪ್ಪುರಂ.
ಎರಡಕ್ಕೆ ಕಣ್ಣೂರು.
ಮೂರಕ್ಕೆ ಮಡಗಾಂವ್: ಹೋದ ಸಲ ನಮಗೆ ಏಳು ಹೊಡೆದು
ಕೊನೆಗೆ ತಾವೇ ನಾಚಿಕೊಂಡು ಬಿರಿಯಾನಿ ಕೊಡಿಸಿದವರು.
ನಾಲ್ಕಕ್ಕೆ ಕೋಝಿಕ್ಕೋಡ್, ಅವರ ಗೋಲಿ
ಕೆಲಸದಲ್ಲಿ ಕ್ರೇನ್ ಆಪರೇಟರು, ಕೈಗಳೂ ಹಾಗೆಯೇ.
ಐದಕ್ಕೆ ಮತ್ತೆ ಮಲಪ್ಪುರಂ, ಬೇರೆ ಕಾಲೇಜು.
ಆ ಜಿಲ್ಲೆಯಲ್ಲಿ ಕಾಲೇಜಿಗೇನು ಬರವೇ ಮಾರಾಯ!

ಸುಲಭದವು ಆಮೇಲೆ ಬರುತ್ತವೆ,
ನಮ್ಮಂತೆಯೇ ಮೊಣಗಂಟಿಗೆ ಪಟ್ಟಿ ಸುತ್ತಿಕೊಂಡ ತಂಡಗಳು.
ಅಷ್ಟು ಹೊತ್ತಿಗೆ ನಾವು ತಳದಲ್ಲಿ ಕೂತಿರುತ್ತೇವೆ
ಸುಲೈಮಾನಿ ಲೋಟದ ಸಕ್ಕರೆಯಂತೆ, ಕಲಕುವವರಿಲ್ಲದೆ.

'ಚೀಟಿ ಎತ್ತಿದ್ದು ಯಾರು?' ಲ್ಯಾನ್ಸಿ ಕೇಳಿದ.
'ಐದು ವರ್ಷದ ಮಗು.'
'ಯಾರ ಮಗು?'
ಉಬೈದ್ ಮೊಟ್ಟೆಯ ಟ್ರೇ ಎಣಿಸತೊಡಗಿದ.

ಇನ್ನೊಂದು ಪಟ್ಟಿ ನನ್ನ ಜೇಬಿನಲ್ಲಿದೆ.
ಜುಬೈಲಿನಲ್ಲಿ ಈಗ ಶಟ್‌ಡೌನ್ ಕಾಲ,
ಪ್ಲಾಂಟು ನಿಂತಾಗ ನಮಗೆ ನಿಲ್ಲುವ ಹಾಗಿಲ್ಲ.
ಹನ್ನೆರಡು ತಾಸು, ರಾತ್ರಿ, ಸ್ಕಫೋಲ್ಡಿನ ಮೇಲೆ.
ಐದು ಗುರುವಾರಗಳಲ್ಲಿ ನನಗೆ ಬಿಡುವು
ಒಂದೂ ಇಲ್ಲ.
ನೇಪಾಳದ ತಿಲಕನಿಗೆ ಒಂದು ಈದ್ ಕೊಟ್ಟು
ಮಲಪ್ಪುರವನ್ನು ಕೊಂಡೆ.

ಇಷ್ಟೆಲ್ಲ ಯಾಕೆಂದು ಕೇಳಿದರೆ ಹೇಳಬೇಕಾಗುತ್ತದೆ:
ಆ ಕಾಲೇಜಿನಲ್ಲಿ ನಾನು ಓದಿದ್ದೇ ಇಲ್ಲ.
ಗೇಟಿನೆದುರು ಮೋನಪ್ಪಣ್ಣನ ಕ್ಯಾಂಟೀನಿನಲ್ಲಿ
ಲೋಟ ತೊಳೆಯುತ್ತಿದ್ದೆ.
ಗೋಡೆಯಲ್ಲೊಂದು ಕಲ್ಲು ಬಿದ್ದುಹೋಗಿತ್ತು;
ಆ ಒಂದು ಕಲ್ಲಿನಷ್ಟು ಮೈದಾನ ನನ್ನದು.
ಬರೀ ಕಾಲುಗಳು ಕಾಣುತ್ತಿದ್ದವು, ಮುಖವಿಲ್ಲ.
ಎಡಗಾಲು ಹೊರಳಿಸಿ ಓಡುವವನು ಪುರಂದರ ಎಂದು
ಅವನ ಹೆಸರಿಗಿಂತ ಮೊದಲೇ ಗೊತ್ತಿತ್ತು.
ಗೋಡೆ ಹಾರಿದ ಚೆಂಡು ಒಮ್ಮೆ ದೋಸೆ ಹಿಟ್ಟಿಗೇ ಬಿತ್ತು.
ಮೋನಪ್ಪಣ್ಣ ನನಗೆ ಬೈದ. ನಾನು ಚೆಂಡು ತೊಳೆದು ಎಸೆದೆ.
ನನ್ನ ಡಿಗ್ರಿ ಅಷ್ಟೇ.

ಕಳೆದ ವರ್ಷ ಹೊಸ ಹುಡುಗನೊಬ್ಬ ಬೌಂಡರಿಯಲ್ಲಿ ಕೇಳಿದ,
'ನಿಮ್ಮದು ಯಾವ ಬ್ಯಾಚು ಕಾಕಾ?'
ನನ್ನ ಕೆಂಪು ಜೆರ್ಸಿಯೊಳಗೆ ನಾನು ಸಣ್ಣಗಾದೆ.
ಶೂ ಲೇಸು ಕಟ್ಟುತ್ತಿದ್ದ ಪುರಂದರ, ತಲೆಯೆತ್ತದೆ,
'ತೊಂಬತ್ತೆಂಟು. ಗೋಡೆಯಾಚೆ ವಿಭಾಗ' ಎಂದ.

ಗುರುವಾರ ರಾತ್ರಿ. ಗಾಳಿಯೇ ಒದ್ದೆ ಪಂಚೆ.
ದೂರದಲ್ಲಿ ರಿಫೈನರಿ ಚಿಮಣಿಯ ಬೆಂಕಿ
ಯಾರ ಪರವೂ ಅಲ್ಲದೆ ಉರಿಯುತ್ತಿತ್ತು.
ಅರ್ಧ ಆಟಕ್ಕೆ ಸೊನ್ನೆ-ಮೂರು.
ಅವರ ಕಡೆ ಚೆಂಡೆ, ತಮಟೆ, ನೂರಿಪ್ಪತ್ತು ಗಂಟಲು.
ನಮ್ಮ ಕಡೆ ಲ್ಯಾನ್ಸಿ, ಉಬೈದ್, ನಾನು,
ಮತ್ತು ದಾರಿ ತಪ್ಪಿ ಬಂದ ಒಬ್ಬ ಬಿಹಾರಿ ಡ್ರೈವರು,
ಯಾವ ತಂಡವೆಂದು ಕೇಳದೆಯೇ ಕೂಗುತ್ತಿದ್ದ.

ಅರವತ್ತನೆಯ ನಿಮಿಷಕ್ಕೆ ಪುರಂದರನ ಎಡಗಾಲು
ಆ ಹಳೆಯ ಹೊರಳು ಹೊರಳಿತು.
ಚೆಂಡು ಗೋಲನ್ನೂ ಬಲೆಯನ್ನೂ ದಾಟಿ
ಪಾರ್ಕಿಂಗಿನಲ್ಲಿ ನೀರಿನ ಟ್ಯಾಂಕರಿನಡಿ ಸೇರಿತು.
ಓಡಿದೆ. ಮರಳಿನಲ್ಲಿ ಮಲಗಿ ಕೈಚಾಚಿ ಎಳೆದೆ.
ಅಂಗಿಗೆ ಒರೆಸಿದೆ.
ಬೇಲಿಯಾಚೆಗೆ ಎಸೆದಾಗ
ತೋಳಿಗೆ ಎತ್ತರ ನೆನಪಿತ್ತು.

ಸೊನ್ನೆ-ನಾಲ್ಕು.
ಬಸ್ಸಿನಲ್ಲಿ ಲ್ಯಾನ್ಸಿ, 'ಏಳು ಆಗಲಿಲ್ಲವಲ್ಲ' ಎಂದ,
ಅದಕ್ಕೆ ನಾವೆಲ್ಲ ನಕ್ಕೆವು, ಪುರಂದರನೊಬ್ಬನ ಹೊರತು.

ಮುಂದಿನದು ಕಣ್ಣೂರು.
ತಿಲಕನನ್ನು ಕೇಳಬೇಕು.
ಕೊಡಲು ಇನ್ನೊಂದು ಈದ್ ಉಳಿದಿದೆ.