ಕಂಡ ಜಾಗ

ಪಂಚಾಯ್ತಿ ಕೊಟ್ಟ ದಪ್ಪ ವಹಿಯಲ್ಲಿ ನಾಲ್ಕು ಕಾಲಂ:
ಹೆಸರು, ಸಂಖ್ಯೆ, ಉಪಯೋಗ, ಕಂಡ ಜಾಗ.
ಬೀಳಗಿಯಿಂದ ಬಂದ ಸಾಹೇಬರು ಹೇಳಿದ್ದಿಷ್ಟೇ,
ಗಾಯರಾಣದಲ್ಲಿ ಏನೇನುಂಟೋ ಬಿಡದೆ ಬರಿ.
ದಿನಗೂಲಿ. ಪೆನ್ನು ನನ್ನದೇ.

ಹೆಸರು ನನಗೇನು ಗೊತ್ತು? ಓದಿದ್ದು ಕಾಮರ್ಸ್.
ಲಗಮವ್ವನ ಹಿಂದೆ ನಾನು, ಕುರಿಗಳ ಹಿಂದೆ ಅವಳು,
ಮುಂದೆ ಬಿಸಿಲು, ಗರಸು, ಹಳದಿ ಹುಲ್ಲು.

'ಇದು ಹಂಚಿ. ಮಳಿಯಾಗಿ ತಿಂಗಳಿಗೆ ಹಾಲಿನಂಥಾದ್ದು,
ದೀಪಾವಳಿ ದಾಟಿದ್ರ ಸೂಜಿ, ತುಟಿ ಚುಚ್ಚತೈತಿ.
ಇದು ಕರಡ. ಇದು ಮರಿ ಹಾಕಿದ ಕುರಿ ಹುಡಿಕ್ಯಾಡಿ ತಿನ್ನೂದು,
ಹೆಸರಿಲ್ಲ, ಅದರ ನಾಲಿಗಿಗೆ ಗೊತ್ತು.'
ಹಾಗೇ ಬರೆದೆ: ನಾಲಿಗೆಗೆ ಗೊತ್ತು.

ಒಂದು ಹುಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು,
ಕೂದಲಷ್ಟು ತೆಳು, ತುದಿಗೆ ನೇರಳೆ ಮಬ್ಬು.
ಉಪಯೋಗ ಏನಬೇ?
'ಏನಿಲ್ಲ. ಕುರಿ ಮೂಸೂದಿಲ್ಲ, ಮಂದಿ ಕೊಯ್ಯೂದಿಲ್ಲ.'
ಹಂಗಾರ ಬಿಡ್ಲಾ?
'ಉಪಯೋಗ ಕೇಳಿ ನಿನ್ನ ಹಡದಳೇನ ನಿಮ್ಮವ್ವ?
ಬರಿ. ಐತಿ ಅಂತ ಬರಿ.'

ಮೂಡಲ ಇಳಕಲಿಗೆ ಕುರಿ ಬಿಡಲಿಲ್ಲ.
ಬೇಲಿಯಿಲ್ಲ, ಬೋರ್ಡಿಲ್ಲ, ಸುಣ್ಣ ಬಳಿದ ಒಂದು ಕಲ್ಲು.
'ಬೀಜ ಉದರೋತನಕ ಬಾಣಂತಿ ಕ್ವಾಣಿ ಅದು.'
ಹೋತವೊಂದು ಕಲ್ಲು ದಾಟಿ, ಅವಳ ಸಿಳ್ಳಿಗೆ
ತಪ್ಪು ಮಾಡಿದ ಅಳಿಯನಂತೆ ತಿರುಗಿ ಬಂತು.

ಪಡುವಲಿಗೆ ಬಳ್ಳಾರಿ ಜಾಲಿ, ಆಳೆತ್ತರ, ಕತ್ತಲೆ,
ಬುಡದಲ್ಲಿ ಒಂದೆಳೆ ಹುಲ್ಲಿಲ್ಲ.
ಗೇಣುದ್ದದ ಸಸಿಗಳನ್ನು ಬೇರುಸಹಿತ ಕೀಳುತ್ತ ಕೀಳುತ್ತ
ಅಂಗೈಯ ಮುಳ್ಳನ್ನು ಹಲ್ಲಿನಿಂದ ತೆಗೆದು ಉಗುಳಿದಳು.
'ಯಾರನ್ನ ಬೈಲಿ? ಕಾಯಿ ತಿಂದು ಹಿಕ್ಕಿ ಹಾಕಿ
ಬಿತ್ತಿದ್ದು ನನ್ನ ಕುರೀನ.'

ಗೌಜಲು ಪುರ್ರೆಂದು ಎದ್ದವು ನನ್ನ ಕಾಲ ಬುಡದಿಂದಲೇ.
ಆಚೆ, ಕೊರಕಲ ಬಾಯಲ್ಲಿ, ಬಿಳಿ ಎಲುಬು,
ಮೆತ್ತನ್ನ ಮಣ್ಣಲ್ಲಿ ಪುಟ್ಟ ಪುಟ್ಟ ಹೆಜ್ಜೆ.
ಹೋದ ವಾರ ಎರಡು ಮರಿ ಕಳಕೊಂಡವಳು
ಬಹಳ ಹೊತ್ತು ನೋಡಿದಳು.
'ತ್ವಾಳ. ಮೂರು ಮರಿ ಅದಾವ.'
ದನಿಯಲ್ಲಿ ಸಿಟ್ಟಿತ್ತು. ಇನ್ನೂ ಒಂದಿತ್ತು,
ಅದರ ಹೆಸರು ನನ್ನ ಬಳಿ ಇಲ್ಲ.

ಬರೆದೆ: ತೋಳ. ಸಂಖ್ಯೆ ಮೂರು, ತಾಯಿ ಬೇರೆ.
ಉಪಯೋಗ: ಐತಿ.
ಕಂಡ ಜಾಗಕ್ಕೆ ಬಂದಾಗ ಅವಳ ಅಂಗೈ ಬಂತು ಪುಟದ ಮೇಲೆ.
'ಅದನ್ನ ಬರೀಬ್ಯಾಡ. ಈ ವಹಿ ಯಾರ್ಯಾರು ಓದತಾರೋ.'

ಕಚೇರಿಯಲ್ಲಿ ಸಾಹೇಬರು ಪುಟ ತಿರುವುತ್ತ ನಿಂತರು.
ಇಲ್ಲಿ ಯಾಕೆ ಖಾಲಿ?
ಮರೆತೆ ಸರ್.
ಖಾಲಿ ಅನ್ನುವಂತೆಯೂ ಇರಲಿಲ್ಲ,
ಒಣಗಿದ ಚುಕ್ಕೆಯೊಂದಿತ್ತು, ಕಂದು, ಸಾಸಿವೆಯಷ್ಟು.
ಶಾಯಿ ಅಂದುಕೊಂಡರೋ ಏನೋ,
ಬೆರಳಿಗೆ ಎಂಜಲು ಹಚ್ಚಿ
ಮುಂದಿನ ಪುಟಕ್ಕೆ ಹೋದರು.