ಕೆಂಪು ಗೆರೆ

ಬೈಕಂಪಾಡಿಯಲ್ಲಿ ನನ್ನ ಕೆಲಸ ಇಷ್ಟೇ:
ಬೆಸುಗೆಯ ಮೇಲೆ ಕೆಂಪು ಬಣ್ಣ ಹೊಡೆದು
ಹತ್ತು ನಿಮಿಷ ಕಾಯುವುದು.
ಬಿರುಕಿದ್ದರೆ ಅದು ಬಣ್ಣ ಕುಡಿಯುತ್ತದೆ,
ಬಾಯಾರಿದ ಹಾಗೆ, ಸದ್ದಿಲ್ಲದೆ.
ಆಮೇಲೆ ಬಟ್ಟೆಯಲ್ಲಿ ಒರೆಸಿ ಬಿಳಿ ಸ್ಪ್ರೇ.
ಚಾ ಆರುವುದರೊಳಗೆ
ಕುಡಿದದ್ದನ್ನೆಲ್ಲ ಹೊರಗೆ ಕಕ್ಕುತ್ತದೆ,
ಕೂದಲೆಳೆಯಷ್ಟು ಕೆಂಪು ಗೆರೆ.
ಫೇಲ್, ಎಂದು ಚಾಕಿನಲ್ಲಿ ಬರೆಯುತ್ತೇನೆ.
ವೆಲ್ಡರ್ ಬಯ್ಯುತ್ತಾನೆ.

ನಾನು ಯಾವ ಕಂಪೆನಿಯ ಆಳೂ ಅಲ್ಲ.
ಪಿ.ಎಫ್. ಇಲ್ಲ, ಬೋನಸ್ಸಿಲ್ಲ, ಜ್ವರ ಬಂದ ದಿನ ಕೂಲಿಯಿಲ್ಲ.
ಬಿಲ್ಲು ಕಳಿಸಿದರೆ ಮೂರು ತಿಂಗಳಿಗೆ ದುಡ್ಡು,
ಅದರಲ್ಲೂ ಹತ್ತು ಪರ್ಸೆಂಟ್ ಮೊದಲೇ ಮುರಿದುಕೊಂಡು;
ಬಟ್ಟಲಿಗೆ ಬೀಳುವ ಮೊದಲೇ
ಬಂಗುಡೆಯ ತಲೆ ಬೆಕ್ಕಿಗೆ ಹೋದ ಹಾಗೆ.

"ಆ ತಲೆ ವಾಪಸ್ ತರಿಸ್ಲಿಕ್ಕುಂಟು ಮಾರಾಯ್ರೆ"
ಅಂದವನು ಉಮಾನಾಥ ಕೊಟ್ಟಾರಿ.
ಬಲ್ಮಠದ ಮೂರನೇ ಮಾಳಿಗೆ, ಗಾಜಿನ ಮೇಜು, ತಟ್ಟೆಯಲ್ಲಿ ಗೋಡಂಬಿ.
"ಎರಡು ಲಕ್ಷದ ಚೆಕ್ಕು ಒಂದು ಪಾರ್ಟಿಗೆ.
ಒಂದು ತೊಂಬತ್ತು ಕ್ಯಾಶು ನಾಡಿದ್ದು ನಿಮ್ಮ ಕೈಗೆ.
ರಸೀದಿ ಪಕ್ಕಾ. ಡಾಕ್ಟರುಗಳೇ ಮಾಡ್ತಾರೆ.
ಎಂತದೂ ಆಗ್ಲಿಕ್ಕಿಲ್ಲ."

ರಸೀದಿಯ ಮೇಲಿದ್ದ ಗುರುತು ಇಸ್ತ್ರಿಪೆಟ್ಟಿಗೆ.
ನಾನು ಜನ್ಮದಲ್ಲಿ ಅದಕ್ಕೆ ಓಟು ಹಾಕಿದವನಲ್ಲ,
ಹಾಕಿದವರನ್ನು ಕಂಡವನೂ ಅಲ್ಲ.
ಫೋನಿಗೆ ಆರು ಅಂಕಿ ಬಂತು. ಓದಿ ಹೇಳಿದೆ.
ಅಷ್ಟೇ. ಅದೇ ನನ್ನ ಸಹಿಯಂತೆ.

ಮೂರು ವರ್ಷ.
ಮೊದಲ ರಿಫಂಡಿಗೆ ವಾಷಿಂಗ್ ಮೆಷಿನ್.
ಎರಡನೆಯದಕ್ಕೆ ಮಗಳ ಹಲ್ಲಿನ ತಂತಿ.
ಮೂರನೆಯದು ಎಲ್ಲಿ ಹೋಯಿತೋ,
ಬಿಟ್ಟಿ ಬಂದದ್ದಕ್ಕೆ ಯಾರು ಲೆಕ್ಕ ಬರೆದಿಡುತ್ತಾರೆ?
ನೆನಪಿರುವುದು ಇದು: ಅಟ್ಟಣಿಗೆ ಕಟ್ಟುವ ನವಾಜನನ್ನು ಕರಕೊಂಡು ಹೋಗಿ
ಅದೇ ಗಾಜಿನ ಮೇಜಿನೆದುರು ಕೂರಿಸಿ
"ನಮ್ಮ ಹುಡುಗ, ಸ್ವಲ್ಪ ನೋಡಿ" ಅಂದದ್ದು.
ನನಗೆ ಮೂರು ಸಾವಿರ ಸಿಕ್ಕಿತು. ಎಣಿಸಿಯೇ ತಗೊಂಡೆ.

ಬಿಳಿ ಕಾಗದ ಬಂದದ್ದು ಆಮೇಲೆ.
ಹತ್ತು ನಿಮಿಷವಲ್ಲ, ನಾಲ್ಕು ವರ್ಷ ಕಾದಿತ್ತು ಬಣ್ಣ.
ಕೊಟ್ಟಾರಿಯ ನಂಬರು ಬಳಕೆಯಲ್ಲಿಲ್ಲ.
ಮೂರನೇ ಮಾಳಿಗೆಯಲ್ಲಿ ಈಗ ಅಕ್ವೇರಿಯಂ ಅಂಗಡಿ.
ಗಾಜಿನಾಚೆಯಿಂದ ಮೀನುಗಳು
ರೆಪ್ಪೆಯಿಲ್ಲದ ಕಣ್ಣಲ್ಲಿ ನನ್ನನ್ನು ನೋಡಿದವು.

ಸುಂಕದವನ ಮುಂದೆ ಸುಖದುಃಖ ಹೇಳಬಾರದೆಂದು
ಗೊತ್ತಿದ್ದೂ ಅತ್ತಾವರದ ಕಚೇರಿಯಲ್ಲಿ ಹೇಳಿದೆ.
ಸುಂಕದವಳು ಕೇಳಿದಳು.
ನನ್ನ ತಂಗಿಯ ಪ್ರಾಯ. ಪೂರ್ತಿ ಕೇಳಿ,
ನೀರಿನ ಬಾಟ್ಲಿ ನನ್ನ ಕಡೆ ಸರಿಸಿ,
"ಸಿಕ್ವೇರರೇ, ಕೊಟ್ಟಾರಿಯ ಹೆಸರು
ಈ ಫೈಲಿನಲ್ಲಿ ಎಲ್ಲಿಯೂ ಇಲ್ಲ" ಅಂದಳು.
ಇರಲಿಲ್ಲ. ನನ್ನದು ಹದಿನೇಳು ಕಡೆ.
ತೆರಿಗೆ, ಬಡ್ಡಿ, ಮೇಲೆ ದಂಡ:
ಉಳಿಸಿದ್ದರ ಮೂರು ಪಟ್ಟು, ಮೇಲೊಂದಿಷ್ಟು.
ನಾನು ಏಳುವಾಗ ಅವಳೇ ಹೇಳಿದಳು,
ನೋಟಿಸು ಬರುವ ಮೊದಲೇ ತಾವಾಗಿ ತಿದ್ದಿಕೊಂಡವರಿಗೆ
ಇಷ್ಟು ಬೀಳುವುದಿಲ್ಲ ಎಂದು.

ಕರ ಎಂದರೆ ತೆರಿಗೆ, ಶಾಲೆಯಲ್ಲಿ ಕಲಿತದ್ದು.
ಕರ ಎಂದರೆ ಕೈ, ಅದೂ ಅದೇ ಪುಟದಲ್ಲಿ.
ಬಸ್ಸು ಕೂಳೂರು ಸಂಕ ದಾಟುವಾಗ
ಕೈ ಬಿಡಿಸಿ ನೋಡಿದೆ. ಉಗುರಿನ ಸಂದಿಯಲ್ಲಿ
ಸೀಮೆಣ್ಣೆಗೂ ಹೋಗದ ಕೆಂಪು.

ನಿನ್ನೆ ಟ್ಯಾಂಕಿನ ಬುಡದಲ್ಲಿ ಕೂತು ಬಿಳಿ ಹೊಡೆದೆ.
"ಪಾಸಾ ಸಾರ್?" ಹೊಸ ವೆಲ್ಡರ್ ಕೇಳಿದ.
ಗೆರೆ ಕಾಣಲಿಲ್ಲ. ಆದರೂ ಕಾದೆ.
ಮೇಲೆ ಅಟ್ಟಣಿಗೆಯಲ್ಲಿ ನವಾಜ್
ಕಂಬಿಗೆ ಕಂಬಿ ಬಿಗಿಯುತ್ತಿದ್ದ. ಅವನಿಗಿನ್ನೂ ಕಾಗದ ಬಂದಿಲ್ಲ.
ಮುಂದಿನ ತಿಂಗಳು ನಿಕಾಹ್, ಹಾಲಿಗೆ ಅಡ್ವಾನ್ಸು ಕೊಟ್ಟಾಗಿದೆ.
ಇಳಿದು ಬಾ, ಎಂದೆ. ಕೇಳಿಸಲಿಲ್ಲ.
ಗ್ರೈಂಡರ್ ನಿಂತ ಮೇಲೆ
ಇನ್ನೊಮ್ಮೆ ಕೂಗಿದೆ.